ಅರವತ್ತು ಅಡಿಯ ಆಟ: ಸಾಫ್ಟ್‌ಬಾಲ್ ನೋಡಲು ಹೊರಟವರಿಗೆ

ಪ್ರಶ್ನೆ: ನಮ್ಮದು ಮಂಡ್ಯ. ಮಗಳು ಎಂಟನೇ ತರಗತಿ. ಖೊಖೊದಲ್ಲಿ ಚೆನ್ನಾಗಿ ಓಡುತ್ತಾಳೆ ಅಂತ ಪಿ.ಟಿ. ಮೇಷ್ಟ್ರು ಅವಳನ್ನು ಶಾಲೆಯ ಸಾಫ್ಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡಿದ್ದಾರೆ. ಮುಂದಿನ ತಿಂಗಳು ಮೈಸೂರಿನಲ್ಲಿ ಪಂದ್ಯ. ನನಗೆ ಗೊತ್ತಿರುವುದು ಕ್ರಿಕೆಟ್ ಒಂದೇ. ಮೊಬೈಲಿನಲ್ಲಿ ಅಮೆರಿಕದ ಬೇಸ್‌ಬಾಲ್ ನೋಡಿ ಕಲಿಯೋಣ ಅಂದರೆ, 'ಅಪ್ಪ, ನಮ್ಮದು ಹಂಗಲ್ಲ' ಅಂತಾಳೆ. ಚೆಂಡು ದೊಡ್ಡದು, ಕೈ ಕೆಳಗಿನಿಂದ ಎಸೆಯುತ್ತಾರೆ ಅನ್ನುವುದು ಬಿಟ್ಟರೆ ಇನ್ನೇನು ವ್ಯತ್ಯಾಸ? ಪಂದ್ಯದಲ್ಲಿ ಏನು ನೋಡಬೇಕು? ಬ್ಯಾಟು, ಗ್ಲೌಸ್ ಕೊಡಿಸುವುದಾದರೆ ಬೇಸ್‌ಬಾಲಿನದೇ ಆದೀತೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಚೆಂಡಿನ ಗಾತ್ರ ಮೊದಲು ಕಣ್ಣಿಗೆ ಬೀಳುತ್ತದೆ, ಆದರೆ ಎರಡೂ ಆಟಗಳನ್ನು ಬೇರೆ ಮಾಡುವುದು ದೂರ. ಮೈದಾನದ ಚೌಕದ ನಾಲ್ಕು ಮೂಲೆಗಳೇ ಬೇಸ್‌ಗಳು. ಬ್ಯಾಟರ್ 'ಹೋಂ ಪ್ಲೇಟ್' ಎಂಬ ಮೂಲೆಯಲ್ಲಿ ನಿಂತು ಹೊಡೆದು, ಉಳಿದ ಮೂರನ್ನು ಸುತ್ತಿ ಅಲ್ಲಿಗೇ ಮರಳಿದರೆ ಒಂದು ರನ್. ಬೇಸ್‌ಬಾಲಿನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 27.43 ಮೀಟರ್. ಸಾಫ್ಟ್‌ಬಾಲಿನಲ್ಲಿ 60 ಅಡಿ, 18.29 ಮೀಟರ್. ಬೇಸ್‌ಬಾಲ್ ಪಿಚರ್ 60 ಅಡಿ 6 ಅಂಗುಲ ದೂರದಿಂದ, 10 ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ. ಮಹಿಳೆಯರ ಫಾಸ್ಟ್‌ಪಿಚ್ (ವೇಗದ ಎಸೆತದ) ಸಾಫ್ಟ್‌ಬಾಲಿನಲ್ಲಿ ಪಿಚರ್ ಸಮತಟ್ಟು ನೆಲದಲ್ಲಿ, 43 ಅಡಿ ದೂರದಲ್ಲಿ ನಿಲ್ಲುತ್ತಾಳೆ. ಅದು 13.11 ಮೀಟರ್. ಚಿಕ್ಕ ವಯೋಮಿತಿಯ ಪಂದ್ಯಗಳಲ್ಲಿ ಇನ್ನೂ ಹತ್ತಿರ ಇಡುವುದುಂಟು. ದೂರ ಕಡಿಮೆಯಾದಾಗ ಯೋಚನೆಗೆ ಸಿಗುವ ಸಮಯವೂ ಕಡಿಮೆಯಾಗುತ್ತದೆ. ಬ್ಯಾಟರ್, ರನ್ನರ್, ಫೀಲ್ಡರ್ ಯಾರಿಗೂ ಬಿಡುವಿಲ್ಲ. ಉಳಿದ ಬಹುಪಾಲು ವ್ಯತ್ಯಾಸಗಳು ಇದರಿಂದಲೇ ಬಂದಿವೆ.

ಮೊದಲು ಎರಡಕ್ಕೂ ಸಮಾನವಾದ ವಿಷಯಗಳು, ಕ್ರಿಕೆಟ್ ಕಣ್ಣಿಗೆ ತಿಳಿಯುವಂತೆ. ಮೈದಾನದಲ್ಲಿ ಒಂಬತ್ತು ಫೀಲ್ಡರುಗಳು. ಮೂರು ಔಟ್ ಆದರೆ ಬ್ಯಾಟಿಂಗ್ ತಂಡದ ಸರದಿ ಮುಗಿಯಿತು. ಎರಡೂ ತಂಡಗಳು ಒಂದೊಂದು ಸರದಿ ಆಡಿದರೆ ಒಂದು ಇನ್ನಿಂಗ್ಸ್. ಚೆಂಡು ಹೋಂ ಪ್ಲೇಟಿನ ಮೇಲೆ, ಸುಮಾರು ಮೊಣಕಾಲಿನಿಂದ ಎದೆಯ ಮಟ್ಟದೊಳಗೆ ಹಾದುಹೋದರೆ ಸ್ಟ್ರೈಕ್. ಅದರಾಚೆ ಹೋಗಿ, ಬ್ಯಾಟರ್ ಬ್ಯಾಟ್ ಬೀಸದಿದ್ದರೆ 'ಬಾಲ್'. ಮೂರು ಸ್ಟ್ರೈಕಿಗೆ ಔಟ್. ನಾಲ್ಕು ಬಾಲ್ ಆದರೆ ಮೊದಲ ಬೇಸ್‌ಗೆ ನಡೆದುಕೊಂಡೇ ಹೋಗಬಹುದು. ಹೋಂ ಪ್ಲೇಟಿನಿಂದ ಮೊದಲ ಮತ್ತು ಮೂರನೇ ಬೇಸ್ ಕಡೆಗೆ ಎಳೆದ ಎರಡು ಗೆರೆಗಳ ನಡುವಿನ ಜಾಗವೇ ಆಟದ ಜಾಗ. ಹೊರಗೆ ಹೋದದ್ದು ಫೌಲ್. ಕ್ರಿಕೆಟಿನ ಲೇಟ್ ಕಟ್, ಲೆಗ್ ಗ್ಲಾನ್ಸ್ ಎಷ್ಟೇ ಚೆಂದ ಇದ್ದರೂ ಇಲ್ಲಿ ಫೌಲ್.

ಕ್ರಿಕೆಟ್ ನೋಡಿ ಬೆಳೆದವರು ಎಡವುವ ಜಾಗ ಇನ್ನೊಂದಿದೆ. ಇಲ್ಲಿ ಚೆಂಡು ಗೆರೆಗಳೊಳಗೆ ಬಿದ್ದ ಮೇಲೆ 'ಓಡೋಣವೋ ಬೇಡವೋ' ಅನ್ನುವ ಪ್ರಶ್ನೆಯೇ ಇಲ್ಲ, ಬ್ಯಾಟರ್ ಓಡಲೇಬೇಕು. ಅವಳು ಮೊದಲ ಬೇಸ್ ಮುಟ್ಟುವ ಮೊದಲೇ ಚೆಂಡು ಹಿಡಿದ ಫೀಲ್ಡರ್ ಆ ಬೇಸ್ ತುಳಿದರೆ ಔಟ್, ಮೈಗೆ ತಾಗಿಸಬೇಕಿಲ್ಲ. ಹಿಂದಿನ ಬೇಸ್‌ಗಳೆಲ್ಲ ತುಂಬಿದ್ದು, ರನ್ನರ್ ಮುಂದಕ್ಕೆ ಹೋಗಲೇಬೇಕಾದ ಸ್ಥಿತಿಯಲ್ಲೂ ಇದೇ ಲೆಕ್ಕ. ಹಾಗೆ ಬಲವಂತ ಇಲ್ಲದಾಗ ಮಾತ್ರ ಚೆಂಡಿರುವ ಕೈಯಿಂದ ಅಥವಾ ಗ್ಲೌಸಿನಿಂದ ರನ್ನರನ್ನು ಮುಟ್ಟಬೇಕು. 'ಬೇಸ್ ತುಳಿದರು, ಔಟ್ ಕೊಡಲಿಲ್ಲ' ಎಂದು ಹೊಸಬರು ಅಂಪೈರ್ ಮೇಲೆ ಬೇಸರ ಮಾಡಿಕೊಳ್ಳುವುದು ಹೆಚ್ಚಾಗಿ ಈ ಭೇದ ತಿಳಿಯದೆ.

ಇನ್ನೊಂದು ಗೊಂದಲ ಶಾಲಾ ಪಂದ್ಯಗಳಲ್ಲಿ ಪದೇ ಪದೇ ಬರುತ್ತದೆ. ಮೂರನೇ ಸ್ಟ್ರೈಕ್ ಆಯಿತು, ಬ್ಯಾಟರ್ ಔಟ್ ಅಂದುಕೊಳ್ಳುತ್ತೀರಿ, ಆದರೆ ಅವಳು ಓಡುತ್ತಿದ್ದಾಳೆ! ಆ ಚೆಂಡನ್ನು ಕ್ಯಾಚರ್, ಅಂದರೆ ಇಲ್ಲಿನ ವಿಕೆಟ್ ಕೀಪರ್, ನೆಲಕ್ಕೆ ತಾಗದಂತೆ ಹಿಡಿಯದಿದ್ದರೆ, ಮೊದಲ ಬೇಸ್ ಖಾಲಿ ಇದ್ದರೆ ಅಥವಾ ಆಗಲೇ ಎರಡು ಔಟ್ ಆಗಿದ್ದರೆ, ಬ್ಯಾಟರಿಗೆ ಓಡುವ ಹಕ್ಕಿದೆ. ಹೊಸ ಕ್ಯಾಚರುಗಳ ಕೈಯಿಂದ ಚೆಂಡು ಜಾರುವುದು ಹೆಚ್ಚು. ಹಾಗಾಗಿ ಮೂರು ಸ್ಟ್ರೈಕ್ ಆದಮೇಲೂ ಓಡಲು ಮಗಳಿಗೆ ಈಗಲೇ ರೂಢಿಯಾಗಲಿ.

ಈಗ ವ್ಯತ್ಯಾಸಗಳಿಗೆ ಬರೋಣ. ಕೈ ಕೆಳಗಿನಿಂದ ಎಸೆದ ಚೆಂಡು ನಿಧಾನ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಲೆಕ್ಕ ಹಾಕಿ ನೋಡಿ. ದೊಡ್ಡ ಮಟ್ಟದ ಮಹಿಳಾ ಪಿಚರ್ ಗಂಟೆಗೆ 105 ಕಿ.ಮೀ. ವೇಗದಲ್ಲಿ ಎಸೆಯುತ್ತಾಳೆ ಎಂದುಕೊಳ್ಳಿ. ಎಸೆಯುವಾಗ ಅವಳು ಸುಮಾರು ಆರಡಿ ಮುಂದಕ್ಕೆ ಹೆಜ್ಜೆ ಹಾಕಿರುತ್ತಾಳೆ. ಕೈಬಿಟ್ಟ ಚೆಂಡು ಹೋಂ ಪ್ಲೇಟ್ ತಲುಪಲು ಸಾಗಬೇಕಾದದ್ದು ಹನ್ನೊಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಬೇಕಾಗುವ ಸಮಯ ಸುಮಾರು 0.4 ಸೆಕೆಂಡ್. ಗಂಟೆಗೆ 150 ಕಿ.ಮೀ. ವೇಗದ ಬೇಸ್‌ಬಾಲ್ ಎಸೆತ ತನ್ನ ಹೆಚ್ಚಿನ ದೂರ ಕ್ರಮಿಸಲು ತೆಗೆದುಕೊಳ್ಳುವುದೂ ಅಷ್ಟನ್ನೇ. ಕ್ರಿಕೆಟಿನಲ್ಲಿ 140 ಕಿ.ಮೀ. ವೇಗದ ಚೆಂಡು ನೆಲಕ್ಕೆ ಬಡಿದು ಬರುವಷ್ಟರಲ್ಲಿ ಬ್ಯಾಟರಿಗೆ ಅರ್ಧ ಸೆಕೆಂಡಿನ ಆಸುಪಾಸು ಸಿಗುತ್ತದೆ. ಅಂದರೆ ಸಾಫ್ಟ್‌ಬಾಲ್ ಬ್ಯಾಟರಿಗೆ ಸಿಗುವುದು ಅದಕ್ಕಿಂತಲೂ ಕಡಿಮೆ, ಅದರಲ್ಲೂ ಬ್ಯಾಟ್ ಬೀಸಲೇ ಸುಮಾರು ಅರ್ಧದಷ್ಟು ಹೋಗುತ್ತದೆ. 2025ರಲ್ಲಿ ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಕಾರ್ಲಿನ್ ಪಿಕೆನ್ಸ್ ಎಸೆದ ಒಂದು ಚೆಂಡಿನ ವೇಗ ಗಂಟೆಗೆ 79.4 ಮೈಲಿ, ಸುಮಾರು 128 ಕಿ.ಮೀ. 2004ರಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಜೆನಿ ಫಿಂಚ್ ಒಂದು ಪ್ರದರ್ಶನ ಪಂದ್ಯದಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ದಿಗ್ಗಜ ಆಲ್ಬರ್ಟ್ ಪುಹೋಲ್ಸ್ ಅವರನ್ನೇ ಸ್ಟ್ರೈಕ್‌ಔಟ್ ಮಾಡಿದ್ದರು. ಪುಹೋಲ್ಸ್ ತೋಳಿನಲ್ಲಿ ಶಕ್ತಿಗೆ ಕೊರತೆ ಇರಲಿಲ್ಲ. ಆದರೆ ಅವರ ಕಣ್ಣು ಪಳಗಿದ್ದು ಎತ್ತರದ ದಿಬ್ಬದಿಂದ ಇಳಿದು ಬರುವ ಚೆಂಡಿಗೆ. ಕೆಳಗಿನಿಂದ, ಹತ್ತಿರದಿಂದ ಬರುವ ಚೆಂಡಿಗಲ್ಲ.

ಎತ್ತರದ ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಾಫ್ಟ್‌ಬಾಲಿನ ಸೊಗಸು ಇಲ್ಲಿದೆ. ಬೇಸ್‌ಬಾಲ್ ಎಸೆತ ತಲೆಯ ಮೇಲಿಂದ ಹೊರಟು ಕೆಳಗಿಳಿಯುತ್ತಲೇ ಬರುತ್ತದೆ. ಸಾಫ್ಟ್‌ಬಾಲ್ ತೊಡೆಯ ಮಟ್ಟದಿಂದ ಹೊರಡುತ್ತದೆ, ಎದೆಯ ಮಟ್ಟಕ್ಕೆ ಏರಲೂಬಹುದು. 'ರೈಸ್ ಬಾಲ್' ಎನ್ನುವ ಎಸೆತಕ್ಕೆ ಪಿಚರ್ ಬೆರಳುಗಳಿಂದ ಹಿಂದಕ್ಕೆ ತಿರುಗುವ ಸುತ್ತು ಕೊಡುತ್ತಾಳೆ. ಬರೀ ಗುರುತ್ವವೊಂದೇ ಇದ್ದಿದ್ದರೆ 0.4 ಸೆಕೆಂಡಿನಲ್ಲಿ ಚೆಂಡು ತನ್ನ ನೇರ ದಾರಿಯಿಂದ ಸುಮಾರು 78 ಸೆ.ಮೀ. ಕೆಳಗೆ ಬೀಳಬೇಕು. ಹಿಂದಕ್ಕೆ ಸುತ್ತುವ ಚೆಂಡನ್ನು ಗಾಳಿ ಸ್ವಲ್ಪ ಮೇಲಕ್ಕೆ ತಳ್ಳುವುದರಿಂದ ಬೀಳುವುದು ಕಡಿಮೆಯಾಗುತ್ತದೆ. 'ಇಷ್ಟು ಬೀಳುತ್ತದೆ' ಎಂದು ಬ್ಯಾಟರ್ ಅಂದಾಜು ಮಾಡಿದ ಜಾಗಕ್ಕಿಂತ ಚೆಂಡು ಮೇಲೆ ಹೋಗುತ್ತದೆ, ಬ್ಯಾಟು ಅದರ ಕೆಳಗೆ ಹಾಯುತ್ತದೆ. ಚೆಂಡು ನಡುದಾರಿಯಲ್ಲಿ ಮೇಲಕ್ಕೆ ಜಿಗಿಯಿತು ಎಂದು ಕಣ್ಣಿಗೆ ಅನ್ನಿಸುವುದು ಇದರಿಂದ. ಮುಂದಕ್ಕೆ ಸುತ್ತು ಕೊಟ್ಟರೆ 'ಡ್ರಾಪ್ ಬಾಲ್': ಪ್ಲೇಟಿನ ಹತ್ತಿರ ದಬಕ್ಕನೆ ಇಳಿಯುತ್ತದೆ. ಅದೇ ತೋಳಿನ ವೇಗ ತೋರಿಸಿ ಚೆಂಡನ್ನು ಮಾತ್ರ ನಿಧಾನ ಬಿಟ್ಟರೆ 'ಚೇಂಜಪ್'. ಶಾಲಾ ಮಟ್ಟದಲ್ಲಿ ಹೆಚ್ಚು ಔಟ್ ತರುವುದು ಈ ಚೇಂಜಪ್ಪೇ. ಹೊಸ ಬ್ಯಾಟರುಗಳು ಕಾಯುವುದನ್ನು ಕಲಿತಿರುವುದಿಲ್ಲ.

ಪಿಚಿಂಗಿನ ಕ್ರಮ ಹೀಗೆ. ರಬ್ಬರ್ ಪಟ್ಟಿಯ ಮೇಲೆ ನಿಂತು, ಕ್ಯಾಚರಿನ ಸನ್ನೆ ನೋಡಿ, ಎರಡೂ ಕೈ ಜೋಡಿಸಿ ಒಂದು ಕ್ಷಣ ಸ್ತಬ್ಧ. ಆಮೇಲೆ ಬಲಗೈಯವಳಾದರೆ ಎಡಗಾಲು ಮುಂದಕ್ಕೆ ಚಾಚುತ್ತದೆ, ಬಲತೋಳು ಮುಂದಿನಿಂದ ಮೇಲಕ್ಕೆ, ಹಿಂದಕ್ಕೆ, ಕೆಳಕ್ಕೆ ಒಂದು ಪೂರ್ತಿ ಸುತ್ತು ಹೊಡೆಯುತ್ತದೆ, ಸೊಂಟದ ಪಕ್ಕದಲ್ಲಿ ಮಣಿಕಟ್ಟು ಪಟಕ್ಕನೆ ತಿರುಗಿ ಚೆಂಡು ಹೊರಡುತ್ತದೆ. ಕೈಬಿಡುವಾಗ ಅಂಗೈ ಸೊಂಟಕ್ಕಿಂತ ಕೆಳಗಿರಬೇಕು. ಮಣಿಕಟ್ಟು ಮೊಣಕೈಗಿಂತ ಮೈಯಿಂದ ದೂರ ಹೋಗಬಾರದು. ಪಕ್ಕದಿಂದ ಬೀಸಿ ಎಸೆಯುವುದನ್ನು ತಡೆಯಲೆಂದೇ ಈ ನಿಯಮ ಇರುವುದು. ಎಲ್ಲಿ ತಪ್ಪುತ್ತದೆ ಎಂಬುದನ್ನು ಚೆಂಡೇ ಹೇಳುತ್ತದೆ. ಕೈ ಸೊಂಟ ದಾಟುವ ಮೊದಲೇ ಬಿಟ್ಟರೆ ಚೆಂಡು ನೆಲ ಹೊಡೆಯುತ್ತದೆ, ದಾಟಿದ ಮೇಲೆ ಬಿಟ್ಟರೆ ಕ್ಯಾಚರ್ ತಲೆಯ ಮೇಲೆ ಹಾರುತ್ತದೆ. ಮಕ್ಕಳ ಪಂದ್ಯದಲ್ಲಿ ಪಿಚರ್ ಸತತವಾಗಿ ಎತ್ತರಕ್ಕೆ ಎಸೆಯುತ್ತಿದ್ದರೆ ಅವಳು ದಣಿದಿದ್ದಾಳೆ, ಕಾಲಿನ ತಳ್ಳುವಿಕೆ ನಿಂತು ತೋಳಿನಿಂದ ಎಳೆಯುತ್ತಿದ್ದಾಳೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಇನ್ನೊಂದು ತಪ್ಪು ಪಿಚರ್ ಪಟ್ಟಿಯಿಂದ ಹಾರಿ, ಹಿಂಗಾಲನ್ನು ಮುಂದೆ ಎಲ್ಲೋ ಊರಿ, ಅಲ್ಲಿಂದ ಮತ್ತೆ ತಳ್ಳಿಕೊಂಡು ಎಸೆಯುವುದು. ಅದಕ್ಕೆ ಅಂಪೈರ್ 'ಇಲ್ಲೀಗಲ್ ಪಿಚ್' ಕೂಗುತ್ತಾರೆ, ಬ್ಯಾಟರಿಗೆ ಒಂದು ಬಾಲ್ ಸಿಗುತ್ತದೆ.

ಕೆಳಗಿನಿಂದ ಎಸೆದರೆ ತೋಳಿಗೆ ನೋವಾಗದು, ದಿನವಿಡೀ ಎಸೆಯಬಹುದು ಎನ್ನುವ ಮಾತು ಕೇಳಿಬರುತ್ತದೆ. ಇದನ್ನು ನಂಬಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನದಲ್ಲಿ ಮೂರು ಪಂದ್ಯ ಆಡಿ 413 ಎಸೆತ ಎಸೆದು ತಮ್ಮ ದೇಶಕ್ಕೆ ಚಿನ್ನ ತಂದರು. ಬೇಸ್‌ಬಾಲಿನಲ್ಲಿ ಒಬ್ಬ ಪಿಚರ್ ನೂರರ ಆಸುಪಾಸು ಎಸೆದು ನಾಲ್ಕೈದು ದಿನ ವಿರಮಿಸುವುದು ವಾಡಿಕೆ. ಉಎನೊ ಸಾಧನೆ ದೊಡ್ಡದು, ಆದರೆ ಅದು ಬೆಳೆಯುವ ಮಕ್ಕಳಿಗೆ ಮಾದರಿಯಲ್ಲ. ತೋಳು ಪೂರ್ತಿ ಸುತ್ತುವ ಈ 'ವಿಂಡ್‌ಮಿಲ್' ಎಸೆತದಲ್ಲಿ ಭುಜದ ಮುಂಭಾಗ, ತೋಳಿನ ಮುಂದಿನ ಸ್ನಾಯು ಬಹಳ ಎಳೆತಕ್ಕೆ ಒಳಗಾಗುತ್ತವೆ. ತಂಡಕ್ಕೆ ಒಬ್ಬಳೇ ಪಿಚರ್ ಇದ್ದು ಪಂದ್ಯಾವಳಿ ಪೂರ್ತಿ ಅವಳ ಕೈಯಲ್ಲೇ ಎಸೆಸುವುದು ನಮ್ಮ ಶಾಲೆಗಳಲ್ಲಿ ಸುಲಭವಾಗಿ ನಡೆದುಹೋಗುತ್ತದೆ. ನಿಮ್ಮ ಮಗಳು ಪಿಚರ್ ಆದರೆ ಸತತ ಮೂರನೇ ದಿನ ಎಸೆಯದಂತೆ ನೋಡಿಕೊಳ್ಳಿ. ಭುಜದ ಮುಂದೆ ನೋವು ಎಂದರೆ ಅಲ್ಲಿಗೆ ನಿಲ್ಲಿಸಿ, 'ಇದೊಂದು ಮ್ಯಾಚ್ ಆಗಲಿ' ಅನ್ನಬೇಡಿ. ಮೇಷ್ಟ್ರ ಬಳಿ ಎರಡನೇ ಪಿಚರನ್ನು ತಯಾರು ಮಾಡುವ ಮಾತೆತ್ತಿದರೆ ತಂಡಕ್ಕೂ ಒಳ್ಳೆಯದೇ.

ಓಟದ ಕಡೆ ಬಂದರೆ, ನಿಮ್ಮ ಮಗಳ ಖೊಖೊ ಏಕೆ ಲೆಕ್ಕಕ್ಕೆ ಬಂತು ಎನ್ನುವುದು ತಿಳಿಯುತ್ತದೆ. ಬೇಸ್‌ಬಾಲಿನಲ್ಲಿ ರನ್ನರ್ ಪಿಚರ್ ಎಸೆಯುವ ಮೊದಲೇ ಬೇಸ್‌ನಿಂದ ಹಲವು ಹೆಜ್ಜೆ ಮುಂದೆ ಸರಿದು ನಿಲ್ಲಬಹುದು. ಅವನನ್ನು ಹೆದರಿಸಲು ಪಿಚರ್ ಬೇಸ್‌ಗೆ ಚೆಂಡು ಎಸೆಯುತ್ತಾನೆ. ಮೊಬೈಲಿನಲ್ಲಿ ನೀವು ನೋಡಿದ ಬೇಸ್‌ಬಾಲ್ ತುಣುಕುಗಳಲ್ಲಿ ಈ ಕಣ್ಣಾಮುಚ್ಚಾಲೆ ಇದ್ದೇ ಇರುತ್ತದೆ. ಸಾಫ್ಟ್‌ಬಾಲಿನಲ್ಲಿ ಅದಿಲ್ಲ. ಚೆಂಡು ಪಿಚರ್ ಕೈಯಿಂದ ಬಿಡುವವರೆಗೆ ರನ್ನರ್ ಕಾಲು ಬೇಸ್ ಮೇಲೆ ಇರಲೇಬೇಕು. ಒಂದು ಗಳಿಗೆ ಮುಂಚೆ ಬಿಟ್ಟರೂ ಅಂಪೈರ್ ಚೆಂಡನ್ನು 'ಡೆಡ್' ಮಾಡಿ ರನ್ನರನ್ನು ಔಟ್ ಕೊಡುತ್ತಾರೆ. ಖೊ ಸಿಗುವ ಮೊದಲೇ ಎದ್ದರೆ ಫೌಲ್ ಆಗುವಂತೆಯೇ. ಸನ್ನೆಗೆ ಕಾದು, ಸಿಕ್ಕ ಕ್ಷಣ ಸಿಡಿಯುವುದು ಖೊಖೊ ಆಡಿದ ಮೈಗೆ ಗೊತ್ತಿರುತ್ತದೆ.

ಪಿಚರ್ ಸುತ್ತ 8 ಅಡಿ ತ್ರಿಜ್ಯದ ಒಂದು ವೃತ್ತ ಬರೆದಿರುತ್ತದೆ. ಆಟ ನಡೆದು ಚೆಂಡು ಮರಳಿ ಆ ವೃತ್ತದಲ್ಲಿರುವ ಪಿಚರ್ ಕೈ ಸೇರಿದ ಮೇಲೆ, ಬೇಸ್‌ಗಳ ನಡುವೆ ನಿಂತಿರುವ ರನ್ನರ್ ತಕ್ಷಣ ಮುಂದಕ್ಕೋ ಹಿಂದಕ್ಕೋ ಹೊರಡಬೇಕು. ಅತ್ತ ಇತ್ತ ಆಟವಾಡಿಸುತ್ತ ನಿಂತರೆ ಔಟ್. ಇದು ಬೇಸ್‌ಬಾಲಿನಲ್ಲಿ ಇಲ್ಲದ ನಿಯಮ. ಶಾಲಾ ಪಂದ್ಯಗಳಲ್ಲಿ ತಿಳಿಯದೆ ಕಳೆದುಕೊಳ್ಳುವ ಔಟ್‌ಗಳಲ್ಲಿ ಇದೂ ಒಂದು.

ಚೆನ್ನಾಗಿ ಓಡುವ ಆಟಗಾರ್ತಿ 60 ಅಡಿಯನ್ನು ಮೂರು ಸೆಕೆಂಡಿನ ಸುತ್ತಮುತ್ತ ಕ್ರಮಿಸುತ್ತಾಳೆ. ಫೀಲ್ಡರ್ ಚೆಂಡು ಹಿಡಿದು, ಹೊರತೆಗೆದು, ಎಸೆದು, ಇನ್ನೊಬ್ಬಳು ಹಿಡಿಯುವುದೆಲ್ಲ ಆ ಮೂರು ಸೆಕೆಂಡಿನೊಳಗೆ ಮುಗಿಯಬೇಕು. ಒಮ್ಮೆ ಗ್ಲೌಸಿನಿಂದ ಚೆಂಡು ಜಾರಿದರೂ ರನ್ನರ್ ಬದುಕಿಕೊಂಡಳು. ಇದರಿಂದ ಹುಟ್ಟಿದ ಎರಡು ಹೊಡೆತಗಳನ್ನು ನೀವು ನೋಡಲೇಬೇಕು. ಒಂದು ಬಂಟ್. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಸುಮ್ಮನೆ ತಡೆದು ಹತ್ತಿರದಲ್ಲೇ ಬೀಳಿಸುವುದು. ಬೇಸ್‌ಬಾಲಿನಲ್ಲಿ ಇದು ಅಪರೂಪಕ್ಕೆ ಬರುವ ತಂತ್ರ, ಸಾಫ್ಟ್‌ಬಾಲಿನಲ್ಲಿ ದಿನನಿತ್ಯದ ಆಯುಧ. ಆದರೆ ಎರಡು ಸ್ಟ್ರೈಕ್ ಆದಮೇಲೆ ಬಂಟ್ ಮಾಡಿ ಚೆಂಡು ಫೌಲ್ ಹೋದರೆ ಔಟ್. ಸಾಧಾರಣ ಫೌಲಿಗೆ ಆ ಭಯವಿಲ್ಲ, ಎರಡು ಸ್ಟ್ರೈಕ್ ಆದಮೇಲೆ ಎಷ್ಟು ಫೌಲ್ ಹೊಡೆದರೂ ಮೂರನೆಯದಾಗುವುದಿಲ್ಲ.

ಇನ್ನೊಂದು ಸ್ಲ್ಯಾಪ್. ಎಡಗೈ ಬ್ಯಾಟರ್ ಮೊದಲ ಬೇಸ್‌ಗೆ ಹತ್ತಿರದ ಬದಿಯಲ್ಲಿ ನಿಂತಿರುತ್ತಾಳೆ. ಪಿಚರ್ ತೋಳು ಸುತ್ತುತ್ತಿದ್ದಂತೆ ಅವಳು ಓಟಕ್ಕೆ ಶುರುಹಚ್ಚಿ, ಓಡುತ್ತಲೇ ಚೆಂಡನ್ನು ಎಡಬದಿಯ ಫೀಲ್ಡರುಗಳ ಕಡೆಗೆ ತಟ್ಟಿಬಿಡುತ್ತಾಳೆ. ಬ್ಯಾಟಿಗೆ ಚೆಂಡು ತಾಗುವ ಹೊತ್ತಿಗೆ ಅವಳ ಮೈ ಆಗಲೇ ಮೊದಲ ಬೇಸ್ ಕಡೆ ಹೊರಟಿರುತ್ತದೆ. ಬಲಗೈಯಲ್ಲಿ ಬರೆಯುವ, ಎಸೆಯುವ ಹುಡುಗಿಯರಿಗೂ ವೇಗ ಇದ್ದರೆ ಕೋಚ್‌ಗಳು ಎಡಗಡೆ ಬ್ಯಾಟಿಂಗ್ ಕಲಿಸುವುದು ಇದಕ್ಕಾಗಿಯೇ. ಇಲ್ಲಿ ತಪ್ಪಾಗುವುದು ಕಾಲಿನಲ್ಲಿ: ಚೆಂಡು ಬ್ಯಾಟಿಗೆ ತಾಗುವಾಗ ಬ್ಯಾಟರ್ ಕಾಲು ಪೂರ್ತಿಯಾಗಿ, ಅವಳು ನಿಲ್ಲಲು ಬರೆದ ಬಾಕ್ಸಿನ ಗೆರೆಯಾಚೆ ನೆಲದ ಮೇಲಿದ್ದರೆ ಔಟ್. ಬೇಗ ಓಡುವ ಆತುರದಲ್ಲಿ ಹೊಸಬರು ಈ ಗೆರೆ ಮರೆಯುತ್ತಾರೆ.

ಬಂಟ್ ಬರಬಹುದು ಎಂದು ಮೂರನೇ ಬೇಸ್ ಮತ್ತು ಮೊದಲ ಬೇಸ್ ಕಾಯುವವರು ಬೇಸ್ ಬಿಟ್ಟು ಬ್ಯಾಟರ್ ಕಡೆಗೆ ಹಲವು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾರೆ. ಕ್ರಿಕೆಟಿನ ಸಿಲ್ಲಿ ಪಾಯಿಂಟ್ ನೆನಪಾದರೆ ತಪ್ಪಿಲ್ಲ, ಅಷ್ಟೇ ಎದೆಗಾರಿಕೆ ಬೇಕು. ಮೊದಲ ಬೇಸ್ ಆಟಗಾರ್ತಿ ಮುಂದೆ ಓಡಿಬಂದಾಗ ಖಾಲಿ ಬಿದ್ದ ಬೇಸ್ ಕಾಯಲು ಎರಡನೇ ಬೇಸ್ ಆಟಗಾರ್ತಿ ಧಾವಿಸುತ್ತಾಳೆ. ಚೆಂಡು ಬಿಟ್ಟು ಅವಳನ್ನೇ ಒಮ್ಮೆ ಗಮನಿಸಿ. ಹೊಂದಾಣಿಕೆ ಇಲ್ಲದ ತಂಡದಲ್ಲಿ ಬಂಟ್ ಹಿಡಿದವಳು ಎಸೆಯಲು ತಿರುಗಿದಾಗ ಬೇಸ್ ಮೇಲೆ ಯಾರೂ ಇರುವುದಿಲ್ಲ. ಒಂದು ಸಣ್ಣ ಬಂಟ್ ಎರಡು ರನ್ ಆಗುವುದು ಹಾಗೆ.

ಮೊದಲ ಬೇಸ್ ಜೋಡಿಯಾಗಿರುತ್ತದೆ. ಬಿಳಿಯ ಅರ್ಧ ಗೆರೆಯ ಒಳಗೆ, ಬಣ್ಣದ ಅರ್ಧ, ಸಾಮಾನ್ಯವಾಗಿ ಕಿತ್ತಳೆ, ಗೆರೆಯ ಹೊರಗೆ. ಬಿಳಿಯದು ಫೀಲ್ಡರಿಗೆ, ಕಿತ್ತಳೆ ಓಡಿಬರುವವಳಿಗೆ. ಇಬ್ಬರೂ ಒಂದೇ ಜಾಗಕ್ಕೆ ನುಗ್ಗಿ ಕಾಲು ಉಳುಕಿಸಿಕೊಳ್ಳಬಾರದು ಎಂಬ ಕಾಳಜಿಯಿಂದ ಬಂದದ್ದು. ಮೊದಲ ಬೇಸನ್ನು ಓಡಿ ದಾಟಿ ಹೋಗಬಹುದು, ಅಲ್ಲಿ ಜಾರುವ ಅಗತ್ಯವಿಲ್ಲ. ಎರಡನೆಯ, ಮೂರನೆಯ ಬೇಸ್‌ನಲ್ಲಿ ದಾಟಿದರೆ ಮುಟ್ಟಿ ಔಟ್ ಮಾಡುತ್ತಾರೆ, ಅಲ್ಲಿ ಸ್ಲೈಡ್ ಬೇಕು. ಖೊಖೊ ಆಟಗಾರ್ತಿಯರಿಗೆ ಕಂಬದ ಬಳಿ ಮುಂದಕ್ಕೆ ಡೈವ್ ಹೊಡೆದು ರೂಢಿ. ಇಲ್ಲಿ ತಲೆ ಮುಂದಾಗಿ ಹೋದರೆ ಬೆರಳು, ಮಣಿಕಟ್ಟು ಫೀಲ್ಡರ್ ಕಾಲಿಗೆ ಸಿಗುತ್ತವೆ. ಕಾಲು ಮುಂದಾಗಿ ಜಾರುವುದನ್ನು ಮೊದಲು ಹುಲ್ಲಿನ ಮೇಲೆ ಕಲಿಯಲಿ. ನಮ್ಮ ಕಡೆಯ ಗಟ್ಟಿ ಕೆಂಪು ನೆಲದಲ್ಲಿ ಚಡ್ಡಿ ತೊಟ್ಟು ಜಾರಿದರೆ ತೊಡೆಯ ಚರ್ಮ ಸುಲಿಯುತ್ತದೆ, ಉದ್ದನೆಯ ಟ್ರ್ಯಾಕ್ ಪ್ಯಾಂಟ್ ಕೊಡಿಸಿ.

ಚೆಂಡು, ಬ್ಯಾಟಿನ ಮಾತು. 1887ರಲ್ಲಿ ಷಿಕಾಗೋದ ಒಂದು ದೋಣಿ ಕ್ಲಬ್ಬಿನಲ್ಲಿ, ಬಾಕ್ಸಿಂಗ್ ಗ್ಲೌಸನ್ನು ಉಂಡೆ ಕಟ್ಟಿ ಪೊರಕೆಯ ಹಿಡಿಕೋಲಿನಿಂದ ಹೊಡೆದು ಒಳಾಂಗಣದಲ್ಲಿ ಶುರುವಾದ ಆಟ ಇದು. 'ಸಾಫ್ಟ್‌ಬಾಲ್' ಎಂಬ ಹೆಸರು ಬಂದದ್ದು 1926ರಲ್ಲಿ. ಇಂದಿನ ಚೆಂಡು ಹೆಸರಿಗಷ್ಟೇ ಮೆತ್ತಗೆ. ಸುತ್ತಳತೆ 12 ಅಂಗುಲ, ತೂಕ 178ರಿಂದ 198 ಗ್ರಾಂ, ಬಣ್ಣ ಹೊಳೆಯುವ ಹಳದಿ. ಬೇಸ್‌ಬಾಲ್ ಸುತ್ತಳತೆ 9 ಅಂಗುಲ ಚಿಲ್ಲರೆ, ತೂಕ 142ರಿಂದ 149 ಗ್ರಾಂ. ನಮ್ಮ ಕ್ರಿಕೆಟ್ ಚೆಂಡು ಇವೆರಡರ ನಡುವೆ, 160 ಗ್ರಾಮಿನ ಆಸುಪಾಸು. ಹಾಗಾಗಿ ತಲೆಗೆ ಎರಡೂ ಕಿವಿ ಮುಚ್ಚುವ ಹೆಲ್ಮೆಟ್ ಇಲ್ಲದೆ ಬ್ಯಾಟಿಂಗಿಗೆ ಬಿಡಬೇಡಿ. ಪಿಚರ್, ಮೂರನೇ ಬೇಸ್ ಆಡುವವಳಿಗೆ ಮುಖದ ಜಾಲರಿ ಇದ್ದರೆ ಇನ್ನೂ ಒಳ್ಳೆಯದು.

ಬೇಸ್‌ಬಾಲ್ ಬ್ಯಾಟ್ ಕೊಡಿಸಬೇಡಿ. ಅಂಗಡಿಯಲ್ಲಿ 'ಸ್ಲಗ್ಗರ್' ಎಂದು ಕೇಳಿದರೆ ಎರಡು ಬಗೆಯವೂ ಎದುರಿಗೆ ಬರಬಹುದು. ಸಾಫ್ಟ್‌ಬಾಲ್ ಬ್ಯಾಟಿನ ದಪ್ಪ ಭಾಗದ ಅಡ್ಡಳತೆ ಎರಡೂಕಾಲು ಅಂಗುಲ ಮೀರುವಂತಿಲ್ಲ, ಉದ್ದ 34 ಅಂಗುಲ ದಾಟುವಂತಿಲ್ಲ. ಬೇಸ್‌ಬಾಲಿನದು ಸಾಮಾನ್ಯವಾಗಿ ಅದಕ್ಕಿಂತ ದಪ್ಪ ಇರುತ್ತದೆ, ಪಂದ್ಯದಲ್ಲಿ ಅಂಪೈರ್ ಪಕ್ಕಕ್ಕೆ ಇಡಿಸುತ್ತಾರೆ. ಹದಿಮೂರು ಹದಿನಾಲ್ಕರ ಹುಡುಗಿಗೆ 30ರಿಂದ 32 ಅಂಗುಲ ಸಾಕು. ಬ್ಯಾಟಿನ ಮೇಲೆ ಮೈನಸ್ 10 ಎಂದು ಬರೆದಿದ್ದರೆ ಉದ್ದದ ಅಂಗುಲದಿಂದ ಹತ್ತು ಕಳೆಯಿರಿ, ಔನ್ಸಿನಲ್ಲಿ ತೂಕ ಸಿಗುತ್ತದೆ. 31 ಅಂಗುಲದ್ದು 21 ಔನ್ಸ್, ಸುಮಾರು 595 ಗ್ರಾಂ. ಒಂದೇ ಕೈಯಲ್ಲಿ ಹಿಡಿದು ಪಕ್ಕಕ್ಕೆ ನೇರ ಚಾಚಿ ಇಪ್ಪತ್ತು ಸೆಕೆಂಡ್ ನಿಲ್ಲಿಸಲಿ. ಅಷ್ಟರಲ್ಲಿ ತುದಿ ಬಾಗಿದರೆ ಅವಳಿಗೆ ಭಾರ. 'ಬೆಳೀತಾಳೆ, ದೊಡ್ಡದೇ ಇರಲಿ' ಎಂದು ಕೊಡಿಸಿದ ಬ್ಯಾಟು ಬೀಸುವುದನ್ನು ನಿಧಾನ ಮಾಡಿ ಕೆಟ್ಟ ಅಭ್ಯಾಸ ಕಲಿಸುತ್ತದೆ. ಲೋಹದ ಸಾಫ್ಟ್‌ಬಾಲ್ ಬ್ಯಾಟಿನಿಂದ ಮನೆ ಮುಂದೆ ಕ್ರಿಕೆಟ್ ಚೆಂಡು ಹೊಡೆಯಲೂ ಬಿಡಬೇಡಿ, ಮೈ ತಗ್ಗು ಬೀಳುತ್ತದೆ.

ನಿಜ ಹೇಳಬೇಕೆಂದರೆ ಬ್ಯಾಟ್ ಶಾಲೆಯದನ್ನೇ ಹಂಚಿಕೊಂಡು ಆಡಬಹುದು, ಮೊದಲು ಕೊಡಿಸಬೇಕಾದದ್ದು ಗ್ಲೌಸ್. ಅದು ಒಬ್ಬರ ಕೈಗೆ ಒಗ್ಗುವ ವಸ್ತು. ಬಲಗೈಯಲ್ಲಿ ಎಸೆಯುವವಳಿಗೆ ಎಡಗೈಗೆ ಹಾಕುವ ಗ್ಲೌಸ್ ಬೇಕು. ಅಂಗಡಿಯಲ್ಲಿ 'ರೈಟ್ ಹ್ಯಾಂಡ್' ಎಂದು ಬರೆದದ್ದನ್ನು ಬಲಗೈಗೆ ಹಾಕುವುದು ಎಂದುಕೊಂಡು ತಂದು, ಮತ್ತೆ ಬದಲಾಯಿಸಲು ಓಡುವುದಿದೆ. ಮಗಳನ್ನು ಕರೆದುಕೊಂಡೇ ಹೋಗಿ. 11.5 ಅಥವಾ 12 ಅಂಗುಲದ್ದು ಅವಳ ವಯಸ್ಸಿಗೆ ಸರಿ. ಬೇಸ್‌ಬಾಲಿನಲ್ಲಿ ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರುಗಳ ಗ್ಲೌಸಿನ ಗುಳಿ ಚಿಕ್ಕದು, 12 ಅಂಗುಲದ ಚೆಂಡು ಅದರಲ್ಲಿ ಕೂರದೆ ಪುಟಿದು ಹೊರಬರುತ್ತದೆ. ಹೊಸ ಚರ್ಮ ಬಿರುಸಾಗಿರುತ್ತದೆ. ರಾತ್ರಿ ಒಳಗೆ ಚೆಂಡಿಟ್ಟು, ಮಡಿಸಿ, ಹಗ್ಗ ಕಟ್ಟಿಡಿ, ಹಗಲು ಹತ್ತಿರದಿಂದ ಎಸೆದು ಹಿಡಿಸಿ. ಎರಡು ಮೂರು ವಾರಕ್ಕೆ ಹದ ಬರುತ್ತದೆ. ಕೊಬ್ಬರಿ ಎಣ್ಣೆ ಸುರಿಯುವುದು, ನೀರಿನಲ್ಲಿ ನೆನೆಸುವುದು ಬೇಡ. ಗ್ಲೌಸ್ ತೂಕ ಹೆಚ್ಚಿ ಸಡಿಲವಾಗುತ್ತದೆ, ದಾರ ಕೊಳೆಯುತ್ತದೆ.

ಇನ್ನುಳಿದ ನಿಯಮಗಳು ಬೇಗ ಮುಗಿಯುತ್ತವೆ. ಬೇಸ್‌ಬಾಲ್ 9 ಇನ್ನಿಂಗ್ಸ್, ಸಾಫ್ಟ್‌ಬಾಲ್ 7. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐದು ಇನ್ನಿಂಗ್ಸ್ ಮುಗಿದಾಗ 7 ರನ್ ಅಂತರ ಇದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಏಳಾದರೂ ಸಮ ಇದ್ದರೆ ಎಂಟನೆಯದರಿಂದ ಪ್ರತಿ ಸರದಿಯೂ ಎರಡನೇ ಬೇಸ್ ಮೇಲೆ ಒಬ್ಬ ರನ್ನರನ್ನು ಇಟ್ಟುಕೊಂಡೇ ಶುರು. ಬೇಸ್‌ಬಾಲಿನಲ್ಲಿ ಹೊರಗೆ ಕೂತ ಆಟಗಾರ ಮತ್ತೆ ಆಡುವಂತಿಲ್ಲ. ಸಾಫ್ಟ್‌ಬಾಲಿನಲ್ಲಿ ಮೊದಲ ಪಟ್ಟಿಯಲ್ಲಿದ್ದವರು ಒಮ್ಮೆ ಹೊರಬಂದು ಒಮ್ಮೆ ಮರಳಬಹುದು, ಆದರೆ ಬ್ಯಾಟಿಂಗ್ ಸರದಿಯಲ್ಲಿ ತಮ್ಮದೇ ಜಾಗಕ್ಕೆ. ಮಗಳನ್ನು ಮೂರನೇ ಇನ್ನಿಂಗ್ಸಿನಲ್ಲಿ ಹೊರಗೆ ಕರೆದರೆ ಅವಳ ಪಂದ್ಯ ಮುಗಿಯಿತು ಎಂದು ಬೇಸರ ಬೇಡ.

ಮೊಬೈಲಿನಲ್ಲಿ ಹುಡುಕುವಾಗ ಒಂದು ಎಚ್ಚರ. 'ಸಾಫ್ಟ್‌ಬಾಲ್' ಎಂದರೆ ಸ್ಲೋಪಿಚ್ ಪಂದ್ಯಗಳೂ ಬರುತ್ತವೆ. ಚೆಂಡು ಕಮಾನಿನಂತೆ ಮೇಲೇರಿ ನಿಧಾನ ಇಳಿಯುತ್ತಿದ್ದರೆ, ಹತ್ತು ಫೀಲ್ಡರುಗಳಿದ್ದರೆ ಅದು ಬೇರೆ ಆಟ, ಪಕ್ಕಕ್ಕಿಡಿ. ಅಮೆರಿಕದ ಕಾಲೇಜು ಮಹಿಳೆಯರ ವರ್ಲ್ಡ್ ಸೀರೀಸ್, ಜಪಾನಿನ ಲೀಗ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಫೈನಲ್ ನೋಡಿ. ಆ ಫೈನಲಿನಲ್ಲಿ ಜಪಾನ್ ಅಮೆರಿಕವನ್ನು ಸೋಲಿಸಿತು, ಹದಿಮೂರು ವರ್ಷದ ನಂತರವೂ ಉಎನೊ ಪಿಚರ್ ಸ್ಥಾನದಲ್ಲಿದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್ ಬರುವ ವರ್ಷವೇ ಸಾಫ್ಟ್‌ಬಾಲೂ ಮರಳುತ್ತಿದೆ, ಪಂದ್ಯಗಳು ಒಕ್ಲಹೋಮಾ ನಗರದಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳೆಯರಿಗಷ್ಟೇ ಇರುವುದರಿಂದ 'ಹುಡುಗಿಯರ ಬೇಸ್‌ಬಾಲ್' ಎಂಬ ಮಾತು ಹರಡಿದೆ. ಅದು ಸರಿಯಲ್ಲ. ಪುರುಷರ ಫಾಸ್ಟ್‌ಪಿಚ್ ವಿಶ್ವ ಪಂದ್ಯಾವಳಿ 1966ರಿಂದ ಇದೆ, ಪಿಚಿಂಗ್ ದೂರ 46 ಅಡಿ. 2019ರಲ್ಲಿ ಅರ್ಜೆಂಟೀನಾ ಗೆದ್ದಿತು. ನಮ್ಮಲ್ಲೂ ವಿಶ್ವವಿದ್ಯಾಲಯಗಳ ನಡುವೆ ಹುಡುಗರೂ ಹುಡುಗಿಯರೂ ಆಡುತ್ತಾರೆ.

ಮಂಡ್ಯದಲ್ಲೇ ಮೈದಾನ ಸಿಕ್ಕರೆ ಅಭ್ಯಾಸಕ್ಕೆ ಡೈಮಂಡ್, ಅಂದರೆ ನಾಲ್ಕು ಬೇಸ್‌ಗಳ ಚೌಕ, ನೀವೇ ಹಾಕಿಕೊಡಬಹುದು. ಎರಡು ಹಗ್ಗ ಬೇಕು: 18.29 ಮೀಟರಿನದೊಂದು, 25.86 ಮೀಟರಿನದೊಂದು. ಹೋಂ ಪ್ಲೇಟಿನ ಹಿಂದಿನ ಮೂಲೆಯಲ್ಲಿ ಗೂಟ ಹೊಡೆದು ಉದ್ದ ಹಗ್ಗವನ್ನು ನೇರ ಎಳೆದರೆ ಅದರ ತುದಿ ಎರಡನೇ ಬೇಸ್. ಈಗ ಚಿಕ್ಕ ಹಗ್ಗದ ಅಳತೆಯನ್ನು ಹೋಂನಿಂದಲೂ ಎರಡನೇ ಬೇಸ್‌ನಿಂದಲೂ ತೆಗೆದು, ಎರಡೂ ಸೇರುವಲ್ಲಿ ಬಲಕ್ಕೆ ಮೊದಲ ಬೇಸ್, ಎಡಕ್ಕೆ ಮೂರನೇ ಬೇಸ್ ಗುರುತಿಸಿ. ಮೊದಲ ಬೇಸ್‌ನಿಂದ ಮೂರನೆಯದಕ್ಕೂ 25.86 ಬಂದರೆ ಚೌಕ ಸರಿ ಇದೆ. ಪಿಚರ್ ಪಟ್ಟಿಯ ಮುಂದಿನ ಅಂಚು 13.11 ಮೀಟರಿಗೆ, ಅದನ್ನೂ ಪ್ಲೇಟಿನ ಹಿಂದಿನ ಮೂಲೆಯಿಂದಲೇ ಅಳೆಯಬೇಕು. ಪ್ಲೇಟಿನ ಮುಂದಿನ ಅಂಚಿನಿಂದ ಅಳೆದರೆ 43 ಸೆ.ಮೀ. ಹೆಚ್ಚಾಗುತ್ತದೆ. ಅಲ್ಲಿ ಪಳಗಿದ ಪಿಚರ್ ಪಂದ್ಯದ ದಿನ ಎಲ್ಲವನ್ನೂ ಎತ್ತರಕ್ಕೆ ಎಸೆದು, ಏಕೆಂದು ತಿಳಿಯದೆ ಕಣ್ಣೀರು ಹಾಕುತ್ತಾಳೆ.

ಮೈಸೂರಿನ ಪಂದ್ಯದ ದಿನ ಓವಲ್ ಮೈದಾನವಾಗಲಿ, ಬೇರೆ ಎಲ್ಲೇ ಆಗಲಿ, ಹೋಂ ಪ್ಲೇಟಿನ ಹಿಂದೆ ಬಲೆ ಇದ್ದರೆ ಅದರ ಹಿಂದೆ, ಮೊದಲ ಬೇಸ್ ಕಡೆಗೆ ಸ್ವಲ್ಪ ಸರಿದು ಕುಳಿತುಕೊಳ್ಳಿ. ಬಲೆ ಇಲ್ಲದಿದ್ದರೆ ದೂರ ನಿಲ್ಲಿ, ಫೌಲ್ ಚೆಂಡು ಎಲ್ಲಿಗೆ ಬೇಕಾದರೂ ಸಿಡಿಯುತ್ತದೆ. ಮೊದಲ ಎರಡು ಇನ್ನಿಂಗ್ಸ್ ಪಿಚರ್ ಸೊಂಟದ ಬಳಿ ಕಣ್ಣಿಡಿ, ಚೆಂಡು ಎಲ್ಲಿಂದ ಹೊರಡುತ್ತದೆ ಎನ್ನುವುದು ಹಿಡಿತಕ್ಕೆ ಬರುತ್ತದೆ. ಆಮೇಲೆ ಎಡಗೈ ಬ್ಯಾಟರ್ ಬಂದಾಗ ಮೂರನೇ ಬೇಸ್ ಆಟಗಾರ್ತಿಯ ಕಾಲು ನೋಡಿ. ಅವಳು ಎರಡು ಹೆಜ್ಜೆ ಮುಂದೆ ಬಂದಳೆಂದರೆ ಬಂಟ್ ಅಥವಾ ಸ್ಲ್ಯಾಪ್ ನಿರೀಕ್ಷಿಸುತ್ತಿದ್ದಾಳೆ.